ಪಕ್ಕದ ಸೆಟ್‌ನ ಗದ್ದಲಕ್ಕೆ ಏಳು ಮೀಟರ್ ಕೇಬಲ್

ಪ್ರಶ್ನೆ: ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೊ) ಬಳಗದ ಶಿಬಿರದಲ್ಲಿ ಒಂದು ಸೆಟ್ 7.1 ಮೆಗಾಹರ್ಟ್ಸ್‌ನಲ್ಲಿಯೂ ಇನ್ನೊಂದು 14.2ರಲ್ಲಿಯೂ ಇರುತ್ತದೆ. ಮೊದಲನೆಯದರಲ್ಲಿ ಮಾತನಾಡಿದೊಡನೆ ಎರಡನೆಯದರಲ್ಲಿ ಕರ್ಕಶ ಸದ್ದು ಬರುತ್ತದೆ. ಕೋಆಕ್ಸಿಯಲ್ ಕೇಬಲಿನ (ಒಳತಂತಿಯ ಸುತ್ತ ಲೋಹದ ಜಾಲರಿಯಿರುವ ಕೇಬಲಿನ) ತುಂಡೇ ಇದಕ್ಕೆ ಫಿಲ್ಟರ್ ಆಗಬಲ್ಲದೇ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಆಗಬಲ್ಲದು, ಅದೂ ಬಹಳ ಅಗ್ಗದಲ್ಲಿ. 7.1ರ ಎರಡರಷ್ಟು 14.2 ಆದ್ದರಿಂದ, ಮೊದಲ ಸೆಟ್ ಹೊರಡಿಸುವ ಎರಡನೆಯ ಹಾರ್ಮೋನಿಕ್ (ಮೂಲ ಆವರ್ತನದ ಎರಡರಷ್ಟರಲ್ಲಿ ಹೊಮ್ಮುವ ಬೇಡದ ಸಂಕೇತ) ನೇರವಾಗಿ ಪಕ್ಕದವರ ಕಿವಿಗೆ ಬಡಿಯುತ್ತಿರಬೇಕು. 7.1 ಮೆಗಾಹರ್ಟ್ಸ್‌ನ ಕಾಲು ತರಂಗದಷ್ಟು ಉದ್ದದ ಕೇಬಲ್ ತೆಗೆದುಕೊಂಡು, ಒಂದು ತುದಿಯಲ್ಲಿ ಒಳತಂತಿಯನ್ನೂ ಜಾಲರಿಯನ್ನೂ ಸೇರಿಸಿ ಬೆಸೆದು, ಇನ್ನೊಂದು ತುದಿಯನ್ನು ‘ಟಿ’ ಕನೆಕ್ಟರ್ ಮೂಲಕ ಆ ಸೆಟ್‌ನ ಆಂಟೆನಾ ಕೇಬಲಿಗೆ ಜೋಡಿಸಿದರೆ, 7.1ರ ಮಟ್ಟಿಗೆ ಆ ತುಂಡು, ಅಂದರೆ ಸ್ಟಬ್, ಇದ್ದೂ ಇಲ್ಲದಂತಿರುತ್ತದೆ. 14.2ಕ್ಕಾದರೋ ಅದೇ ತುಂಡು ಅರ್ಧ ತರಂಗವಾಗುವುದರಿಂದ, ತುದಿಯಲ್ಲಿ ಬೆಸೆದ ಷಾರ್ಟ್ ‘ಟಿ’ಯ ಬಳಿಯೇ ಇರುವಂತೆ ವರ್ತಿಸಿ ಹಾರ್ಮೋನಿಕ್ಕನ್ನು ಅಲ್ಲಿಯೇ ತಡೆಯುತ್ತದೆ.

300ನ್ನು 7.1ರಿಂದ ಭಾಗಿಸಿ, ಬಂದ ತರಂಗದುದ್ದದ (ಮೀಟರ್‌ಗಳಲ್ಲಿ) ಕಾಲು ಭಾಗವನ್ನು ವೆಲಾಸಿಟಿ ಫ್ಯಾಕ್ಟರ್ (ಕೇಬಲಿನಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಎಷ್ಟು ಪಾಲು ಎಂಬುದು) 0.66ರಿಂದ ಗುಣಿಸಿದರೆ ಸುಮಾರು 6.97 ಮೀಟರ್ ಆಗುತ್ತದೆ. ಆರ್‌ಜಿ-58, ಆರ್‌ಜಿ-213 ಕೇಬಲ್‌ಗಳಿಗೆ ಈ ಲೆಕ್ಕ ಸಲ್ಲುತ್ತದೆ; ಫೋಮ್ ಕೇಬಲಿಗೆ ಉದ್ದ ಇನ್ನೂ ಹೆಚ್ಚು ಬೇಕು. ಆದರೆ ಲೆಕ್ಕವೊಂದನ್ನೇ ನಂಬಿ ಕತ್ತರಿ ಹಾಕಬಾರದು, ಏಕೆಂದರೆ ಒಂದು ಸೆಂಟಿಮೀಟರ್ ವ್ಯತ್ಯಾಸಕ್ಕೆ ತಡೆಯುವ ಆವರ್ತನ ಸುಮಾರು 20 ಕಿಲೋಹರ್ಟ್ಸ್ ಜರುಗುತ್ತದೆ. ಇಪ್ಪತ್ತು ಸೆಂಟಿಮೀಟರ್ ಹೆಚ್ಚಾಗಿಯೇ ಇಟ್ಟುಕೊಂಡು, ‘ಟಿ’ ಸಮೇತ ನ್ಯಾನೊವಿಎನ್‌ಎಗೆ (ಯಾವ ಆವರ್ತನದಲ್ಲಿ ಸಂಕೇತ ಎಷ್ಟು ದಾಟುತ್ತದೆಂದು ಪರದೆಯಲ್ಲಿ ತೋರಿಸುವ ಪುಟ್ಟ ಅಳತೆ ಯಂತ್ರಕ್ಕೆ) ಜೋಡಿಸಿ, ಗುಂಡುಸೂಜಿಯನ್ನು ಜಾಲರಿಯ ಮೂಲಕ ಒಳತಂತಿಗೆ ತಾಗುವಂತೆ ಅಲ್ಲಲ್ಲಿ ಚುಚ್ಚಿ ನೋಡಿ. ಪರದೆಯ ಗೆರೆ 14.2ರಲ್ಲಿ ಆಳಕ್ಕೆ ಕುಸಿದ ಜಾಗದಲ್ಲಿ ಕತ್ತರಿಸಿ ಬೆಸೆದರಾಯಿತು. ಕೇಬಲ್ ದಪ್ಪನಾದಷ್ಟೂ ಒಳ್ಳೆಯದು: ಆರ್‌ಜಿ-58 ಸುಮಾರು 22 ಡೆಸಿಬೆಲ್ ತಡೆದರೆ, ಆರ್‌ಜಿ-213ರಿಂದ 29ರಷ್ಟನ್ನು ನಿರೀಕ್ಷಿಸಬಹುದು. ನಮ್ಮ ಸಲಹೆ ಎರಡನೆಯದಕ್ಕೇ.

ಈ ಸ್ಟಬ್ ಇರುವಾಗ ಆ ಸೆಟ್‌ನಿಂದ 14 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡಲೇಬೇಡಿ. ಅದು ಷಾರ್ಟ್‌ಗೆ ಶಕ್ತಿ ತುಂಬಿದಂತೆಯೇ ಸರಿ.

ಇಷ್ಟಾದರೂ 14 ಮೆಗಾಹರ್ಟ್ಸ್ ಬ್ಯಾಂಡಿನ ಉದ್ದಕ್ಕೂ ರಿಸೀವರ್ ಕಿವುಡಾಗುತ್ತಿದ್ದರೆ, ಅದು ಬಹುಮಟ್ಟಿಗೆ 7.1ರ ಮೂಲ ಸಂಕೇತದ ಅಬ್ಬರಕ್ಕೇ ಸೋತಿದೆ ಎಂದು ತಿಳಿಯಬೇಕು. ಆಗ ಅಷ್ಟೇ ಉದ್ದದ ಇನ್ನೊಂದು ತುಂಡನ್ನು, ತುದಿಯನ್ನು ಷಾರ್ಟ್ ಮಾಡದೆ ತೆರೆದೇ ಬಿಟ್ಟು, ಎರಡನೆಯ ಸೆಟ್‌ಗೆ ಹಾಕಿ. ಅದು 7.1ನ್ನು ತಡೆದು 14.2ನ್ನು ಬಿಡುತ್ತದೆ. ತೆರೆದ ತುದಿಯಲ್ಲಿ ಪ್ರಸಾರದ ವೇಳೆ ವೋಲ್ಟೇಜ್ ಇರುವುದರಿಂದ ಅದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ.