ಕೊಡಗಿನಲ್ಲೇ ಇದ್ದುಕೊಂಡು ಮ್ಯಾಪಿಂಗ್ ಕೆಲಸ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ನೀವು ಸೋಮವಾರಪೇಟೆ ಕಡೆಯವರು, ಭೂಗೋಳದಲ್ಲಿ ಡಿಗ್ರಿ ಮುಗಿಯುತ್ತಾ ಬಂದಿದೆ, ಜಿಐಎಸ್ (ಕಂಪ್ಯೂಟರಿನಲ್ಲಿ ಮ್ಯಾಪ್ ಮಾಡುವ ವಿದ್ಯೆ) ಕಲಿಯುವ ಆಸೆ ಇದೆ ಅಂತ ಬರೆದಿದ್ದೀರಿ. ಕೋಡಿಂಗ್ ಬರಲೇಬೇಕಾ, ಕಲಿತ ಮೇಲೆ ಬೆಂಗಳೂರಿಗೆ ಹೋಗದೆ ಬೇರೆ ದಾರಿ ಇಲ್ವಾ ಅಂತ ಕೇಳಿದ್ದೀರಿ. ನಾನು ಸುಂಟಿಕೊಪ್ಪದ ಹತ್ತಿರದವನು. 2014ರಲ್ಲಿ ಈ ಕೆಲಸಕ್ಕೆ ಸೇರಿದೆ. ಐದು ವರ್ಷ ಬೆಂಗಳೂರು, ಆಮೇಲೆ ಊರು. ನಾನು ಬಂದ ದಾರಿ ಹೇಳುತ್ತೇನೆ. ನಿಮಗೆ ಬೇಕಾದ್ದನ್ನು ಅದರಲ್ಲಿ ಆರಿಸಿಕೊಳ್ಳಿ.

ನಮ್ಮ ಸೋದರಮಾವ ಸರ್ವೆಯವರ ಜೊತೆ ಚೈನು ಹಿಡಿಯಲು ಹೋಗುತ್ತಿದ್ದರು. ಶಾಲೆಗೆ ರಜೆ ಬಂದರೆ ನಾನೂ ಹಿಂದೆ ಹೋಗುತ್ತಿದ್ದೆ. ಚೈನು ಅಂದರೆ 66 ಅಡಿ, ನೂರು ಲಿಂಕು. ಹತ್ತು ಚದರ ಚೈನು ಸೇರಿದರೆ ಒಂದು ಎಕರೆ. ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಾಗ) ಇಳಿಜಾರಿನಲ್ಲಿ ಮಾವ ಚೈನನ್ನು ನೆಲಕ್ಕೆ ತಾಗಲು ಬಿಡುತ್ತಿರಲಿಲ್ಲ. ಒಂದು ತುದಿ ಕಾಲಿನ ಹತ್ತಿರ, ಇನ್ನೊಂದು ತುದಿ ಎದೆಮಟ್ಟಕ್ಕೆ ಎತ್ತಿ, ಮಟ್ಟವಾಗಿ ಹಿಡಿಯುತ್ತಿದ್ದರು. ಗುಡ್ಡದ ಮೈಗೆ ಒರಗಿಸಿ ಅಳೆದರೆ ಜಾಗ ಕಾಗದದಲ್ಲಿ ಜಾಸ್ತಿ ಬರುತ್ತದೆ ಅಂತ ಹೇಳುತ್ತಿದ್ದರು. ಏರುತಗ್ಗಿನ ನೆಲವನ್ನು ಚಪ್ಪಟೆ ಹಾಳೆಗೆ ಇಳಿಸುವುದು ಹೇಗೆ ಅನ್ನುವ ಪಾಠ ನನಗೆ ಆದದ್ದು ಅಲ್ಲಿ, ಕಾಲೇಜಿನಲ್ಲಲ್ಲ.

ಬೆಂಗಳೂರಿನ ಮೊದಲ ಕೆಲಸ ಡಿಜಿಟೈಸಿಂಗ್. ಸ್ಯಾಟಲೈಟ್ ಚಿತ್ರದ ಮೇಲೆ ರಸ್ತೆ, ಮನೆ, ಕೆರೆ, ಕಾಡು ಅಂತ ಗೆರೆ ಎಳೆಯುವುದು. ದಿನಕ್ಕೆ ಇಷ್ಟು ಅಂತ ಟಾರ್ಗೆಟ್. ಸಂಬಳ 11,000. ಒಂದು ದಿನ ನಮ್ಮ ಜಿಲ್ಲೆಯ ಭಾಗವೇ ನನ್ನ ಪಾಲಿಗೆ ಬಂತು. ಪೂರ್ತಿ ಹಸಿರು. ನಿಯಮದ ಪ್ರಕಾರ 'ಕಾಡು' ಅಂತ ಗುರುತು ಹಾಕಿ ಮುಗಿಸಿದೆ. ಹಬ್ಬಕ್ಕೆ ಊರಿಗೆ ಬಂದಾಗ ಅದೇ ಚಿತ್ರ ಹಿಗ್ಗಿಸಿ ನೋಡಿದೆ. ನಾನು ಕಾಡು ಅಂದಿದ್ದರಲ್ಲಿ ನಮ್ಮ ಪಕ್ಕದ ಮನೆಯವರ ತೋಟ ಇತ್ತು. ನಮ್ಮಲ್ಲಿ ಕಾಫಿ ಬೆಳೆಯುವುದು ನೆರಳಲ್ಲಿ, ಅಲ್ವಾ? ಮೇಲಿನಿಂದ ಕಾಣುವುದು ಸಿಲ್ವರ್ ಓಕ್, ಬೀಟೆ, ಹಾಲುವಾಣದ ತಲೆಗಳು ಮಾತ್ರ. ಗಿಡ ಕಾಣುವುದೇ ಇಲ್ಲ. ಆಫೀಸಿನಲ್ಲಿ ಹೇಳಿದೆ. ಕೆಲಸ ಕಳಿಸಿ ಆಗಿದೆ, ಬಿಡು ಅಂದರು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಆಮೇಲೆ 2018ರ ಆಗಸ್ಟ್ ಬಂತು, ಮಳೆಗೆ ಗುಡ್ಡಗಳು ಕುಸಿದವು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ. ಈ ಹೆಸರುಗಳನ್ನು ನಿಮಗೆ ನಾನು ವಿವರಿಸಬೇಕಿಲ್ಲ. ನಾನು ಬೆಂಗಳೂರಿನ ರೂಮಿನಲ್ಲಿದ್ದೆ. ಜನರನ್ನು ಕರೆತರಲು ಹೋಗಿದ್ದ ಗೆಳೆಯ ಫೋನ್ ಮಾಡಿದ. ಕೊಲ್ಲಿಯ (ಗುಡ್ಡದ ನಡುವಿನ ಹಳ್ಳ) ಆಚೆ ತೋಟದ ಕೆಲಸಗಾರರು ಇರುವ ಒಂದು ಲೈನ್‌ಮನೆ ಇದೆಯಂತೆ, ರಸ್ತೆ ಹೋಗಿದೆ, ಬೇರೆ ದಾರಿ ಎಲ್ಲಿದೆ ಅಂತ ಕೇಳಿದ. ಮ್ಯಾಪ್ ತೆರೆದೆ. ಅಲ್ಲಿ ಏನೂ ಇಲ್ಲ, ಬರೀ ಹಸಿರು. ಚಿಕ್ಕಂದಿನಲ್ಲಿ ಮಾವನ ಜೊತೆ ನಡೆದಿದ್ದ ಜಾಗ ಅದು. ಸ್ಕ್ರೀನ್‌ಶಾಟ್ ಮೇಲೆ ಬೆರಳಲ್ಲೇ ಗೆರೆ ಎಳೆದೆ. ತೋಟದ ರಸ್ತೆ ಮುಗಿಯುವಲ್ಲಿ ಗೇಟು, ಅಲ್ಲಿಂದ ಎಡಕ್ಕೆ ಕಾಲುದಾರಿ, ಕೈಮಡ (ಹಿರಿಯರ ಗುಡಿ) ದಾಟಿದರೆ ಕಡಂಗ (ಹಳೇ ಕಾಲದ ಕಂದಕ), ಕಡಂಗದ ಏರಿ ಹಿಡಿದು ಹೋದರೆ ಲೈನ್‌ಮನೆಯ ಹಿಂಭಾಗ. ನೆಟ್‌ವರ್ಕ್ ಸರಿಯಾಗಿ ಇರಲಿಲ್ಲ. ಚಿತ್ರ ಹೋಗಲು ಇಪ್ಪತ್ತು ನಿಮಿಷ ಹಿಡಿಯಿತು. ಅವರು ಆ ದಾರಿಯಲ್ಲೇ ಹೋಗಿ ಒಂಬತ್ತು ಜನರನ್ನು ಕರೆತಂದರು.

ನಾಲ್ಕು ವರ್ಷ ಮ್ಯಾಪ್ ಮಾಡಿದ್ದೆ, ನನ್ನ ಊರಿನ ಕಾಲುದಾರಿ ಒಂದೂ ಅದರಲ್ಲಿ ಇರಲಿಲ್ಲ. ಮರುವರ್ಷ ಕೆಲಸ ಬಿಟ್ಟು ಬಂದೆ.

ಮೋಡ ಸರಿದ ಮೇಲೆ ಹಿಂದಿನ, ಮುಂದಿನ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದ್ದೆ. ಹಸಿರಿನಲ್ಲಿ ಕೆಂಪು ಗೀರುಗಳು. ರಸ್ತೆಗೆ, ಮನೆಗೆ, ತೋಟಕ್ಕೆ ಅಂತ ಗುಡ್ಡದ ಇಳಿಜಾರು ಬದಲಾಯಿಸಿದ್ದು, ನೀರಿನ ಸಹಜ ಹರಿವಿಗೆ ತಡೆ ಹಾಕಿದ್ದು ಕುಸಿತಕ್ಕೆ ಕಾರಣ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಹೇಳಿತು. ಬರೆ (ಗುಡ್ಡದ ಬದಿಯ ಮಣ್ಣು) ಕಡಿದ ಜಾಗ, ಮುಚ್ಚಿಹೋದ ತೋಡು (ಸಣ್ಣ ಹಳ್ಳ) ಯಾವುದು ಅಂತ ಊರಿನವರಿಗೆ ಗೊತ್ತು. ಅದು ಮ್ಯಾಪಿಗೆ ಬರಬೇಕು. ಅದನ್ನು ತರುವವರು ನಾವೇ.

ಈಗ ಕಲಿಕೆಯ ವಿಷಯ. ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ. ಕ್ಯುಜಿಐಎಸ್ ಉಚಿತ, ಮನೆಯ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಡೆಹ್ರಾಡೂನ್‌ನ ಐಐಆರ್‌ಎಸ್ (ಇಸ್ರೋದ ದೂರಸಂವೇದಿ ತರಬೇತಿ ಸಂಸ್ಥೆ) ಆನ್‌ಲೈನ್‌ನಲ್ಲಿ ಉಚಿತ ಕೋರ್ಸ್ ನಡೆಸುತ್ತದೆ, ಸರ್ಟಿಫಿಕೇಟ್ ಕೂಡ ಕೊಡುತ್ತದೆ. ಇಸ್ರೋದ ಮ್ಯಾಪ್ ತಾಣ ಭುವನ್ ನೋಡಿ. ಯುರೋಪಿನ ಉಪಗ್ರಹ ಸೆಂಟಿನೆಲ್-2ರ 10 ಮೀಟರ್ (ಚಿತ್ರದ ಒಂದು ಚುಕ್ಕಿಗೆ ನೆಲದ 10 ಮೀಟರ್) ಚಿತ್ರಗಳು ಪುಕ್ಕಟೆ ಸಿಗುತ್ತವೆ. ಆದರೆ ನಮ್ಮ ಮಳೆಗಾಲದಲ್ಲಿ ಅದರಲ್ಲಿ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ. ಆಗ ಮೋಡದಾಚೆಗೂ ನೋಡುವ ಸೆಂಟಿನೆಲ್-1ರ ರೇಡಾರ್ ಚಿತ್ರ ಬೇಕು. ಕೋಡಿಂಗ್ ಮೊದಲ ದಿನವೇ ಬೇಡ. ಒಂದೇ ಕೆಲಸವನ್ನು ಐವತ್ತು ಸಲ ಕೈಯಲ್ಲಿ ಮಾಡಿ ಬೇಸರ ಬಂದಾಗ ಪೈಥಾನ್ ಹಿಡಿಯಿರಿ, ಬೇಗ ತಲೆಗೆ ಹತ್ತುತ್ತದೆ.

ಒಂದು ವಿಷಯ ಮಾತ್ರ ಅರೆಬರೆ ಕಲಿಯಬೇಡಿ. ಡೇಟಮ್, ಅಂದರೆ ಅಳತೆಗೆ ಆಧಾರವಾಗಿ ಇಟ್ಟುಕೊಂಡ ಭೂಮಿಯ ಆಕಾರದ ಲೆಕ್ಕ. ಹಳೇ ಟೋಪೋಶೀಟುಗಳು (ಸರ್ವೆ ಆಫ್ ಇಂಡಿಯಾದ ನಕ್ಷೆ ಹಾಳೆಗಳು) ಎವರೆಸ್ಟ್ ಅನ್ನುವ ಲೆಕ್ಕದವು, ಜಿಪಿಎಸ್ ಕೊಡುವುದು ಡಬ್ಲ್ಯುಜಿಎಸ್ 84 ಅನ್ನುವ ಲೆಕ್ಕದಲ್ಲಿ. ಬದಲಾಯಿಸದೆ ಒಂದರ ಮೇಲೊಂದು ಇಟ್ಟರೆ ನಮ್ಮ ಕಡೆ ನೂರು ಮೀಟರಿಗಿಂತ ಜಾಸ್ತಿ ತಪ್ಪುತ್ತದೆ. ಹೊಳೆಯ ಈ ದಡದ ಗದ್ದೆ ಆ ದಡಕ್ಕೆ ಹೋಗಿ ಕೂರುತ್ತದೆ. ನಾನು ಹಾಗೆ ಮಾಡಿ ಒಂದು ವಾರದ ಕೆಲಸ ಮತ್ತೆ ಮಾಡಿದ್ದೇನೆ. ಭೂಮಿಯನ್ನು ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಗುರುತಿಸುವ ಯುಟಿಎಂ ಪದ್ಧತಿಯಲ್ಲಿ ಕೊಡಗು ಬರುವುದು 43 ಉತ್ತರ ವಲಯದಲ್ಲಿ. ಇದನ್ನು ಬಾಯಿಪಾಠ ಮಾಡಿಬಿಡಿ.

ಊರಲ್ಲಿ ಕೆಲಸ ಇದೆಯಾ ಅಂದರೆ, ಇದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮ್ಯಾಪಿಂಗ್ ನಿಯಮ ಸಡಿಲಿಸಿತು. ಅದೇ ವರ್ಷ ಡ್ರೋನ್ ನಿಯಮವೂ ಸುಲಭವಾಯಿತು. ನನಗೆ ಈಗ ಜಾಸ್ತಿ ಕೆಲಸ ಬರುವುದು ಕಾಫಿಯಿಂದ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬೇಡ ಅಂತ ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನು ತಂದಿದೆ. ಜಾರಿ ಮುಂದೆ ಮುಂದೆ ಹೋಗುತ್ತಿದ್ದರೂ ಖರೀದಿದಾರರು ಈಗಲೇ ತೋಟದ ಜಾಗದ ಗುರುತು ಕೇಳುತ್ತಿದ್ದಾರೆ. 4 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ ಹತ್ತು ಎಕರೆಗಿಂತ ದೊಡ್ಡ ತೋಟಕ್ಕೆ ಪೂರ್ತಿ ಗಡಿಯ ಗೆರೆ ಬೇಕು. ನೆರಳಿನ ತೋಟವನ್ನು ಮೇಲಿನಿಂದ ನೋಡಿ ಕಾಡು ಅಂದುಬಿಟ್ಟರೆ ಬೆಳೆಗಾರನ ಗತಿ ಏನು? ಹಿಂದೆ ನಾನು ಮಾಡಿದ ತಪ್ಪು ಅದೇ. ಅದಕ್ಕೇ ಈ ಕೆಲಸವನ್ನು ನಾನು ನಡೆದೇ ಮಾಡುತ್ತೇನೆ.

ಹೋದ ಜನವರಿಯಲ್ಲಿ ಮಾದಾಪುರ ಕಡೆ ಒಬ್ಬರು ಅಜ್ಜಿಯ ತೋಟ. ಮರದಡಿ ಜಿಪಿಎಸ್ ಚುಕ್ಕಿ ನಿಂತಲ್ಲಿ ನಿಲ್ಲದೆ ಹತ್ತು ಹನ್ನೆರಡು ಮೀಟರ್ ಆಚೀಚೆ ಹಾರುತ್ತಿತ್ತು. ಪ್ರತಿ ಮೂಲೆಯಲ್ಲೂ ಹತ್ತು ನಿಮಿಷ ನಿಂತು ಸರಾಸರಿ ತೆಗೆಯಬೇಕು. ಅಜ್ಜಿ ಕತ್ತಿಯಲ್ಲಿ ತರಗೆಲೆ ಸರಿಸಿ ಬಾಂದುಕಲ್ಲು ತೋರಿಸಿದರು. ಒಂದು ಮೂಲೆಯಲ್ಲಿ ಕಲ್ಲು ಇರಲಿಲ್ಲ. 'ಇಲ್ಲಿ ಹಾಲುವಾಣ ಇತ್ತು, ಬುಡ ನೋಡು' ಅಂದರು. ಕೆದಕಿದರೆ ಕೊಳೆತ ಬುಡ ಸಿಕ್ಕಿತು. ಸರ್ಕಾರಿ ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪಿನ ಗೆರೆ ಅಲ್ಲಿಂದ ಸ್ವಲ್ಪ ಆಚೆಗಿತ್ತು. ಎರಡನ್ನೂ ಬರೆದುಕೊಂಡೆ. ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ) ಜಾಗವಾದರೆ ಆರ್‌ಟಿಸಿಯಲ್ಲಿ ಹಳೇ ಪಟ್ಟೇದಾರರ ಹೆಸರು, ಒಳಗೆ ಮನೆತನದವರ ಪಾಲು. ಅಲ್ಲಿ ಗೆರೆ ಎಳೆಯುವ ಮೊದಲು ಎಲ್ಲರನ್ನೂ ಕೂರಿಸಿ ಕೇಳಲೇಬೇಕು. ಹದ್ದುಬಸ್ತಿನ ಅಧಿಕಾರ ಸರ್ವೆ ಇಲಾಖೆಗೇ ಸೇರಿದ್ದು. ನಮ್ಮ ನಕ್ಷೆ ಅದಕ್ಕೆ ಬದಲಿ ಅಲ್ಲ ಅಂತ ಮೊದಲೇ ಹೇಳಿಬಿಡಿ.

ಆದಾಯ ಒಂದೇ ಸಮ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೀಲ್ಡ್ ಕೆಲಸ ಇಲ್ಲವೇ ಇಲ್ಲ. ಆಗ ಹೊರಗಿನ ಕಂಪನಿಗಳಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ, ಕರೆಂಟು ಇದ್ದಾಗ. ಒಂದೆರಡು ವರ್ಷ ಬೆಂಗಳೂರಿನಲ್ಲಿ ದುಡಿದು ಬಂದರೆ ನಿಮಗೇ ಒಳ್ಳೆಯದು. ಅಚ್ಚುಕಟ್ಟಾಗಿ ಫೈಲ್ ಇಡುವುದು, ಹೇಳಿದ ದಿನಕ್ಕೆ ಕೊಡುವುದು ನಾನು ಕಲಿತದ್ದು ಅಲ್ಲೇ.

ಶುರು ಮಾಡಲು ಈ ವಾರವೇ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಸುತ್ತ ಒಂದು ಕಿಲೋಮೀಟರ್ ತೆಗೆದುಕೊಳ್ಳಿ. ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ನಡೆಯಿರಿ. ತೋಡು, ಕೊಲ್ಲಿ, ಪೈಸಾರಿ (ಸರ್ಕಾರಿ ಪಾಳು ಜಾಗ), ದೇವರಕಾಡು, ಅವರು ಹೇಳಿದ ಹೆಸರು ಹೇಳಿದ ಹಾಗೇ ಬರೆದುಕೊಳ್ಳಿ. ಬಂದು ಕ್ಯುಜಿಐಎಸ್‌ನಲ್ಲಿ ಹಾಕಿ, ಹೆಸರುಗಳನ್ನು ಎಲ್ಲರೂ ಸೇರಿ ಮಾಡುವ ಉಚಿತ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಸೇರಿಸಿ. ಮಳೆ ಹಿಡಿಯುವ ಮುಂಚೆ ಹೋಗಿ, ಆಮೇಲೆ ಜಿಗಣೆ ಕಾಟ. ಫೈಲ್ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.