ವೆಸ್ ಮಾಂಟ್‌ಗಮರಿಯ ‘ಹಾಫ್ ನೋಟ್’ ತಟ್ಟೆ: ಯಾವ ಪ್ರತಿ ಕೊಳ್ಳಬೇಕು?

ಜಾಝ್ ಗಿಟಾರ್ ವಾದಕ ವೆಸ್ ಮಾಂಟ್‌ಗಮರಿಯ ‘ಸ್ಮೋಕಿನ್ ಅಟ್ ದ ಹಾಫ್ ನೋಟ್’ ಎಂಬ ಎಲ್‌ಪಿ ಗ್ರಾಮಫೋನ್ ತಟ್ಟೆಯ ಮೂರು ಪ್ರತಿಗಳು ಮಾರಾಟಕ್ಕಿವೆ ಎಂದು ಬರೆದಿದ್ದೀರಿ: 1965ರ ಅಮೆರಿಕದ ಮೂಲ ಪ್ರತಿ, ಓಬಿ (ಹೊದಿಕೆಗೆ ಸುತ್ತಿದ ಕಾಗದದ ಪಟ್ಟಿ) ಸಮೇತ ಇರುವ ಜಪಾನಿನ ಪ್ರತಿ, 180 ಗ್ರಾಮಿನ ಹೊಸ ಮರುಮುದ್ರಣ. ಜೊತೆಗೆ ಅವರದೇ ‘ಫುಲ್ ಹೌಸ್’ ತಟ್ಟೆ ಕೂಡ ಬೇಕು ಎಂದಿದ್ದೀರಿ. ಮೇಲೆ ಉತ್ತರಿಸಿದವರೆಲ್ಲ ಮೂಲ ಪ್ರತಿಯೇ ಸರಿ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಾರೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ನೇರ ಕಛೇರಿಯ ತಟ್ಟೆ ಕೊಳ್ಳುವಾಗ, ಆ ರಾತ್ರಿ ನುಡಿಸಿದ್ದರಲ್ಲಿ ಎಷ್ಟು ಭಾಗ ಇದರಲ್ಲಿದೆ, ಆಮೇಲೆ ಅದಕ್ಕೆ ಯಾರು ಏನು ಸೇರಿಸಿದರು ಎಂಬುದನ್ನು ಮೊದಲು ನೋಡಬೇಕು. ಯಾವ ಕಾರ್ಖಾನೆಯಲ್ಲಿ ಒತ್ತಿದ್ದು ಎಂಬ ವಿಚಾರಣೆ ಆಮೇಲಿನದು.

ನೀವು ಕೇಳಿದ ತಟ್ಟೆಯನ್ನೇ ನೋಡಿ. ಹೆಸರಿನಲ್ಲಿ ನ್ಯೂಯಾರ್ಕಿನ ಹಾಫ್ ನೋಟ್ ಕ್ಲಬ್ ಇದೆ, ಆದರೆ ಅಲ್ಲಿ ನುಡಿಸಿದ್ದು ಮೊದಲ ಬದಿಯ ಎರಡೇ ಹಾಡುಗಳು: ‘ನೋ ಬ್ಲೂಸ್’ ಮತ್ತು ‘ಇಫ್ ಯು ಕುಡ್ ಸೀ ಮಿ ನೌ’. ಅವು 1965ರ ಜೂನ್ ತಿಂಗಳವು. ಎರಡನೆಯ ಬದಿಯ ಮೂರೂ ಹಾಡುಗಳನ್ನು ಅದೇ ವರ್ಷ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದರು. ತಟ್ಟೆ ತಿರುಗಿಸಿ ಹಾಕಿದರೆ ಚಪ್ಪಾಳೆಯೇ ಇಲ್ಲ, ಲೋಟಗಳ ಸದ್ದೂ ಇಲ್ಲ. ಎರಡೂ ಬದಿಗಳ ಗಾಳಿಯೇ ಬೇರೆ. ನುಡಿಸಿದವರು ಮಾತ್ರ ಅವರೇ: ವಿಂಟನ್ ಕೆಲ್ಲಿಯ ಪಿಯಾನೋ, ಪಾಲ್ ಚೇಂಬರ್ಸ್‌ನ ಬಾಸ್, ಜಿಮ್ಮಿ ಕಾಬ್‌ನ ಡ್ರಮ್ಸ್.

ಹಾಗಾದರೆ ಆ ಕ್ಲಬ್ಬಿನಲ್ಲಿ ನುಡಿಸಿದ ಉಳಿದ ಸಂಗೀತ ಎಲ್ಲಿ ಹೋಯಿತು? 1968ರ ಜೂನ್‌ನಲ್ಲಿ ವೆಸ್ ತೀರಿಕೊಂಡ ಮೇಲೆ, ‘ಸ್ಮೋಕಿನ್’ ತಂದಿದ್ದ ವರ್ವ್ ಕಂಪನಿಯೇ ‘ವಿಲೋ ವೀಪ್ ಫಾರ್ ಮಿ’ ಎಂಬ ಎಲ್‌ಪಿ ತಂದಿತು. ಹಾಫ್ ನೋಟ್ ಟೇಪುಗಳೇ ಅದಕ್ಕೆ ಮೂಲ, ಆದರೆ ಕೆಲವು ಹಾಡುಗಳ ಮೇಲೆ ಕ್ಲಾಸ್ ಓಗರ್‌ಮನ್ ಬರೆದ ಹಿತ್ತಾಳೆ ವಾದ್ಯ, ಕೊಳಲುಗಳ ಪದರವನ್ನು ಆಮೇಲೆ ಹೊದಿಸಿದರು. ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬೇರೆ ಬಂತು! ನಾಲ್ವರು ಬೆವರು ಸುರಿಸಿ ನುಡಿಸಿದ ರಾತ್ರಿಗೆ ಮದುವೆ ಮನೆಯ ಸೀರಿಯಲ್ ಲೈಟು ಹಚ್ಚಿದ ಹಾಗೆ ಕೇಳಿಸುತ್ತದೆ ನನಗೆ. ಈ ತಟ್ಟೆಯ ಮೂಲ ಪ್ರತಿಯನ್ನು ಎಷ್ಟೇ ದುಡ್ಡು ಕೊಟ್ಟು ತಂದರೂ ಆ ಪದರ ಸರಿಯುವುದಿಲ್ಲ. 1976ರಲ್ಲಿ ವರ್ವ್ ಹೊರತಂದ ‘ದ ಸ್ಮಾಲ್ ಗ್ರೂಪ್ ರೆಕಾರ್ಡಿಂಗ್ಸ್’ ಎಂಬ ಎರಡು ತಟ್ಟೆಗಳ ಸಂಚಿಕೆಯಲ್ಲಿ ಆ ಪದರವನ್ನು ತೆಗೆದು ಬರಿಯ ನಾಲ್ವರನ್ನು ಉಳಿಸಿದರು. ಸಂಗ್ರಾಹಕರು ಇದನ್ನು ‘ಎಪ್ಪತ್ತರ ದಶಕದ ಮರುಮುದ್ರಣ ತಾನೇ’ ಎಂದು ಮೂಗು ಮುರಿದು ದಾಟಿಹೋಗುತ್ತಾರೆ. ನನ್ನ ಮಟ್ಟಿಗೆ, ಹಾಫ್ ನೋಟ್ ಕಛೇರಿಗಾಗಿ ಕೊಳ್ಳಬೇಕಾದ ಎಲ್‌ಪಿ ಇದೇ. ಸಿಡಿ ನಡೆಯುತ್ತದೆ ಎನ್ನುವುದಾದರೆ, 2005ರಲ್ಲಿ ಬಂದ ‘ಸ್ಮೋಕಿನ್’ ಸಿಡಿಯಲ್ಲಿ ಈ ಕ್ಲಬ್ಬಿನ ಹಾಡುಗಳು ಮೂಲ ಎಲ್‌ಪಿಯ ಐದರ ಜೊತೆಗೇ ಸಿಗುತ್ತವೆ.

2023ರಲ್ಲಿ ರೆಸೊನೆನ್ಸ್ ಕಂಪನಿ ತಂದ ‘ಮ್ಯಾಕ್ಸಿಮಮ್ ಸ್ವಿಂಗ್’ ಕೂಡ ಹಾಫ್ ನೋಟ್‌ನದೇ, 1965ರದೇ. ಆದರೆ ಅದು ರೇಡಿಯೋ ಪ್ರಸಾರಗಳಿಂದ ಬಂದದ್ದು, ವರ್ವ್ ಟೇಪುಗಳಲ್ಲ. ವಾದನ ಬೆಂಕಿ, ಧ್ವನಿ ಮಾತ್ರ ರೇಡಿಯೋದ್ದೇ. ಎರಡನ್ನೂ ಒಂದೇ ಎಂದು ತಿಳಿದು ಕೊಳ್ಳಬೇಡಿ.

ಈಗ ನಿಮ್ಮ ಮೂರು ಪ್ರತಿಗಳ ವಿಷಯ. ಮೂಲ ಪ್ರತಿ ಎಂದು ಹೇಳಿದ ಮಾತ್ರಕ್ಕೆ ಅದು ಮೂಲವಾಗುವುದಿಲ್ಲ. ಮಾರುವವರಿಂದ ಲೇಬಲ್ಲಿನ ಹತ್ತಿರದ ಫೋಟೋ ತರಿಸಿಕೊಳ್ಳಿ. ಆ ಕಾಲದಲ್ಲಿ ವರ್ವ್ ಇದ್ದದ್ದು ಎಂಜಿಎಂ ಕಂಪನಿಯ ಕೈಯಲ್ಲಿ, ಪಾಲಿಡೋರ್ ಅದನ್ನು ಕೊಂಡದ್ದು ಆಮೇಲೆ. ಲೇಬಲ್ಲಿನ ಅಂಚಿನಲ್ಲಿ ಪಾಲಿಡೋರ್ ಅಥವಾ ಪಾಲಿಗ್ರಾಮ್ ಹೆಸರು ಕಂಡರೆ ಅದು 1972ರ ನಂತರದ ಪ್ರತಿ. ಇನ್ನೊಂದು ಫೋಟೋ, ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ನುಣುಪಾದ ಪಟ್ಟಿಯದು. ಬೆಳಕನ್ನು ಓರೆಯಾಗಿ ಬಿಟ್ಟರೆ ಅಲ್ಲಿ ಕೆತ್ತಿದ ಅಥವಾ ಒತ್ತಿದ ಅಕ್ಷರಗಳು ಕಾಣುತ್ತವೆ. ಈ ಪ್ರತಿಯನ್ನು ಯಾವ ಕೆತ್ತನೆಯಿಂದ ಒತ್ತಿದ್ದಾರೆ ಎಂಬುದನ್ನು ಹೇಳುವುದು ಆ ಗೀಚು. ಹೊದಿಕೆಯನ್ನು ಬದಲಾಯಿಸಬಹುದು, ಅದನ್ನು ಬದಲಾಯಿಸಲಾಗದು.

ಮೂರನೆಯದಾಗಿ, ಮೊದಲ ಬದಿಯ ಕೊನೆಯನ್ನು ನುಡಿಸಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳಿಸಲು ಕೇಳಿ. ಕಾರಣವಿದೆ. ‘ನೋ ಬ್ಲೂಸ್’ ಒಂದೇ ಹದಿಮೂರು ನಿಮಿಷದ ಆಸುಪಾಸು. ಅದು ಮುಗಿದು ‘ಇಫ್ ಯು ಕುಡ್ ಸೀ ಮಿ ನೌ’ ಬರುವ ಹೊತ್ತಿಗೆ ಮುಳ್ಳು ತಟ್ಟೆಯ ಒಳಭಾಗ ತಲುಪಿರುತ್ತದೆ. ಅಲ್ಲಿ ಒಂದು ಸುತ್ತಿನ ಉದ್ದ ಕಡಿಮೆ, ಅದೇ ಧ್ವನಿಯನ್ನು ಇಕ್ಕಟ್ಟಿನಲ್ಲಿ ತುಂಬಿರುತ್ತಾರೆ. ಮುಳ್ಳನ್ನು ಹೊತ್ತ ಅರವತ್ತರ ದಶಕದ ಭಾರದ ತೋಳುಗಳು ಮೊದಲು ತಿಂದುಹಾಕಿದ್ದು ಈ ಜಾಗವನ್ನೇ. ವೆಸ್ ಹೆಬ್ಬೆರಳಿನಿಂದ ಮೀಟುತ್ತಿದ್ದವರು. ಎರಡು ಸ್ಥಾಯಿಗಳನ್ನು ಒಟ್ಟಿಗೆ ನುಡಿಸುವಾಗ ಆ ದುಂಡನೆಯ ನಾದದ ಅಂಚಿನಲ್ಲಿ ಕರಕರ ಎನ್ನುವ ಸಿಡುಕು ಕೇಳಿಸಿದರೆ ಮುಳ್ಳು ಓಡುವ ಗೆರೆ ಸವೆದಿದೆ ಎಂದೇ ಲೆಕ್ಕ. ತೊಳೆದರೆ ಹೋಗುವ ಕೊಳೆ ಅಲ್ಲ ಅದು. ‘ವಿಜಿ ಪ್ಲಸ್’ (ಬಹಳ ಚೆನ್ನಾಗಿದೆ ಎಂದು ಮಾರುವವರು ಕೊಡುವ ದರ್ಜೆ) ಎಂದು ಬರೆದ ಎಷ್ಟೋ ಪ್ರತಿಗಳು ನೋಡಲು ಹೊಳೆಯುತ್ತವೆ, ಇಲ್ಲಿ ಬಂದು ಬಣ್ಣ ಬಿಡುತ್ತವೆ.

ಜಪಾನಿನ ಪ್ರತಿ ಸಾಮಾನ್ಯವಾಗಿ ನಿಶ್ಶಬ್ದ, ಹೊದಿಕೆಯ ಅಚ್ಚು ಚೊಕ್ಕ. ಆದರೆ ಬಹುಮಟ್ಟಿಗೆ ಅಮೆರಿಕದಿಂದ ಕಳಿಸಿದ ನಕಲು ಟೇಪಿನಿಂದ ಮಾಡಿದ್ದಾದ್ದರಿಂದ ಕೆಲವದರಲ್ಲಿ ಡ್ರಮ್ಸ್‌ನ ಮೇಲಂಚು ಸ್ವಲ್ಪ ಮಂಕಾಗಿರುತ್ತದೆ. ಓಬಿ ಎಂಬ ಆ ಕಾಗದದ ಪಟ್ಟಿಗೆ ಜನ ಕೊಡುವ ದುಡ್ಡು ನೋಡಿದರೆ ನಗು ಬರುತ್ತದೆ. ಓಬಿಗೆಂದು ಹೆಚ್ಚು ದುಡ್ಡು ಕೊಡಬೇಡಿ.

180 ಗ್ರಾಂ ಎನ್ನುವುದು ತೂಕ ಅಷ್ಟೇ. ಅದರಿಂದ ನಾದ ಉತ್ತಮವಾಗುವುದಿಲ್ಲ. ಯಾವ ಟೇಪಿನಿಂದ, ಯಾರು ತಟ್ಟೆಗೆ ಕೆತ್ತಿದರು ಎಂದು ಹೊದಿಕೆಯ ಮೇಲೆ ಬರೆದಿದೆಯೇ ನೋಡಿ. ಬರೆಯದೇ ಇದ್ದರೆ ಡಿಜಿಟಲ್ ಮೂಲ ಎಂದುಕೊಳ್ಳುವುದು ಕ್ಷೇಮ. ಬರೆದದ್ದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: ಪೂರ್ತಿ ಅನಲಾಗ್ (ಟೇಪಿನಿಂದ ನೇರ ತಟ್ಟೆಗೆ) ಎಂದು ಜನ ನಂಬಿ ಕೊಳ್ಳುತ್ತಿದ್ದ ಮೊಬೈಲ್ ಫಿಡೆಲಿಟಿ ಎಂಬ ಕಂಪನಿಯ ಎಷ್ಟೋ ತಟ್ಟೆಗಳಲ್ಲಿ ನಡುವೆ ಡಿಜಿಟಲ್ ಹಂತ ಇತ್ತು ಎಂಬುದು 2022ರಲ್ಲಿ ಬಯಲಾಯಿತು. ತಮಾಷೆಯೆಂದರೆ ಅಲ್ಲಿಯವರೆಗೆ ಯಾರ ಕಿವಿಗೂ ಅದು ಅಡ್ಡಬಂದಿರಲಿಲ್ಲ.

‘ಫುಲ್ ಹೌಸ್’ ವಿಷಯ ಸುಲಭ. 1962ರ ಜೂನ್ 25ರಂದು ಬರ್ಕ್‌ಲಿಯ ತ್ಸೂಬೋ ಎಂಬ ಕಾಫಿ ಅಂಗಡಿಯಲ್ಲಿ ನುಡಿಸಿದ್ದು. ಅದೇ ಕೆಲ್ಲಿ, ಚೇಂಬರ್ಸ್, ಕಾಬ್. ಜೊತೆಗೆ ಜಾನಿ ಗ್ರಿಫಿನ್‌ನ ಸ್ಯಾಕ್ಸೊಫೋನ್. ರಿವರ್‌ಸೈಡ್ ಕಂಪನಿಯ ಮೂಲ ಪ್ರತಿ ದುಬಾರಿ. ಎಂಬತ್ತರ ದಶಕದಲ್ಲಿ ಫ್ಯಾಂಟಸಿ ಕಂಪನಿ ‘ಒರಿಜಿನಲ್ ಜಾಝ್ ಕ್ಲಾಸಿಕ್ಸ್’ ಸರಣಿಯಲ್ಲಿ ತಂದ ಪ್ರತಿ, ಸಂಖ್ಯೆ ಓಜೆಸಿ-106, ಸಾಕಷ್ಟು ಸಿಗುತ್ತದೆ, ಚೆನ್ನಾಗಿಯೂ ಇದೆ. ಮೊದಲು ಅದನ್ನು ಕೊಳ್ಳಿ. ಬಿಟ್ಟುಹೋದ ಟೇಕುಗಳೆಲ್ಲ (ಅದೇ ಹಾಡನ್ನು ಮತ್ತೆ ನುಡಿಸಿದ ಸುತ್ತುಗಳು) ಬೇಕೆನಿಸಿದರೆ 2023ರಲ್ಲಿ ಕ್ರಾಫ್ಟ್ ಕಂಪನಿ ತಂದ ಮೂರು ತಟ್ಟೆಗಳ ಸಂಪೂರ್ಣ ಸಂಚಿಕೆ ಇದೆ. ದೂರ ಇಡಬೇಕಾದದ್ದು ಯುರೋಪಿನ ಅಗ್ಗದ ಪ್ರತಿಗಳನ್ನು. 1962ರವರೆಗೆ ಪ್ರಕಟವಾದ ಧ್ವನಿಮುದ್ರಣಗಳ ಹಕ್ಕು ಅಲ್ಲಿ ಮುಗಿದಿರುವುದರಿಂದ ಯಾರು ಬೇಕಾದರೂ ಒಂದು ಸಿಡಿ ಹಿಡಿದು ಎಲ್‌ಪಿ ಒತ್ತಿಸಬಹುದು. ಹೊದಿಕೆ ಥಳಥಳ, ಮೂಲ ಟೇಪಿನ ಸುಳಿವಿಲ್ಲ.

ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ ಎಂದು ಮಲೆನಾಡಿನ ಗೆಳೆಯರೊಬ್ಬರು ಮಧ್ಯೆ ಕೇಳಿದ್ದಾರೆ. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಗೋಡೆಗೆ ತಾಗಿಸಬೇಡಿ, ಹಳೆಯ ಕಾಗದದ ಒಳಚೀಲ ಎಸೆದು ಹೊಸದು ಹಾಕಿ. ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ ತಟ್ಟೆಯ ಗೆರೆಗಳ ಗುಂಟ ಒರೆಸಿದರೆ ಬೂಷ್ಟು ಹೋಗುತ್ತದೆ. ಅಜ್ಜನ ಕಾಲದ 78 ಆರ್‌ಪಿಎಂ ಅರಗಿನ ತಟ್ಟೆಗಳಿಗೆ ಮಾತ್ರ ಆಲ್ಕೊಹಾಲ್ ಮುಟ್ಟಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ.

ನಾನಾಗಿದ್ದರೆ ಮೂರರಲ್ಲಿ ಜಪಾನಿನ ಪ್ರತಿಯನ್ನು, ಓಬಿಗೆ ಬೆಲೆ ಕೊಡದೆ, ಚೌಕಾಶಿ ಮಾಡಿ ತೆಗೆದುಕೊಂಡು, ಉಳಿದ ದುಡ್ಡಿಗೆ 1976ರ ಸಂಚಿಕೆಯನ್ನು ಹುಡುಕುತ್ತಿದ್ದೆ. ಮೂಲ ಪ್ರತಿಯವರು ಮೊದಲ ಬದಿಯ ಕೊನೆಯ ಧ್ವನಿ ಕಳಿಸಲು ಒಪ್ಪಿದರೆ ಇಲ್ಲಿ ಹಾಕಿ, ಕೇಳಿ ಹೇಳುತ್ತೇನೆ.