ಮನೋಬಲವಿದ್ದ ಮೇಲೆ ಎತ್ತರಕ್ಕೆ ಒಗ್ಗಿಕೊಳ್ಳಲು ಅಷ್ಟು ದಿನ ಕಾಯಬೇಕೇ?

ಅರೆಹೊಟ್ಟೆಯ ಇಟಲಿಯ ಯುದ್ಧಕೈದಿಗಳೇ ಕೀನ್ಯಾ ಪರ್ವತ ಹತ್ತಿರುವಾಗ, ಲಡಾಖಿನ ಠಾಣೆಗೆ ಹೊರಟಿರುವ ತರಬೇತಾದ ಸೈನಿಕನನ್ನು ಇಷ್ಟು ದಿನ ಏಕೆ ಕೂರಿಸುತ್ತಾರೆ ಎಂದು ಕೇಳಿದ್ದೀರಿ. 1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ದ್ರಾಸ್‌ಗೆ ಬಂದಿಳಿದಾಗ ನನ್ನ ತಲೆಯಲ್ಲಿದ್ದುದೂ ಇದೇ. ಮೇಲಕ್ಕೆ ಹಗ್ಗ, ಮದ್ದುಗುಂಡು ಹೊರುವ ತಂಡದಿಂದ ಎಲ್ಲಿ ಕೈಬಿಡುತ್ತಾರೋ ಎಂಬ ಅಳುಕಿನಿಂದ ತಲೆನೋವನ್ನು ಮುಚ್ಚಿಟ್ಟೆ. ಬರೀ ಬಾಯಿ ಮುಚ್ಚಿಕೊಂಡಿದ್ದರೆ ಮುಖವಾದರೂ ಹೇಳುತ್ತಿತ್ತೇನೋ. ನಾನು ತಪಾಸಣೆಗೆ ಮುಂಚೆಯೇ ನೋವಿನ ಮಾತ್ರೆ ನುಂಗಿ ಸಾಲಿನಲ್ಲಿ ನಿಲ್ಲುತ್ತಿದ್ದೆ. ಮಾತ್ರೆ ನೋವನ್ನು ಅಡಗಿಸುತ್ತದೆಯೇ ಹೊರತು ರಕ್ತಕ್ಕೆ ಆಮ್ಲಜನಕ ತಂದುಕೊಡುವುದಿಲ್ಲವಾದ್ದರಿಂದ, ನರ್ಸಿಂಗ್ ಅಸಿಸ್ಟೆಂಟ್‌ಗೆ ಮಾತ್ರವಲ್ಲ, ನನಗೇ ನನ್ನ ಸ್ಥಿತಿ ತಿಳಿಯದಂತಾಯಿತು. ಹೊರೆಯೊಂದಿಗೆ ಏರುವಾಗ ಒಣಕೆಮ್ಮು ಹತ್ತಿತು, ಕುಳಿತರೂ ಏದುಸಿರು ನಿಲ್ಲಲಿಲ್ಲ, ನಸುಕಿನ ಹೊತ್ತಿಗೆ ಕಫದಲ್ಲಿ ನಸುಗೆಂಪು ನೊರೆ ಬಂತು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಮದ್ದುಗುಂಡು ಹೊರಬೇಕಿದ್ದವರು ಅದನ್ನು ಇಳಿಸಿಟ್ಟು ನನ್ನನ್ನು ಹೊತ್ತು ಕೆಳಗಿಳಿದರು. ಮೇಲಿದ್ದವರಿಗೆ ಅಂದು ಅಷ್ಟು ಕಡಿಮೆ ತಲುಪಿತು. ಸೇನೆಯಲ್ಲಿ ದೈಹಿಕ ಅರ್ಹತೆ ಸೂಚಿಸುವ ನನ್ನ ವೈದ್ಯಕೀಯ ಶ್ರೇಣಿ ಇಳಿದದ್ದು ಅದರ ಮುಂದೆ ಸಣ್ಣ ಮಾತು.

ಆ ಕೈದಿಗಳ ಉದಾಹರಣೆಯೇ ನಿಮ್ಮ ವಾದಕ್ಕೆ ವಿರುದ್ಧವಾಗಿದೆ. ಫೆಲಿಚೆ ಬೆನುಟ್ಸಿ ಮತ್ತು ಇಬ್ಬರು ಸಂಗಡಿಗರು 1943ರ ಜನವರಿ 24ರಂದು ಕೀನ್ಯಾದ ನನ್ಯುಕಿಯಲ್ಲಿದ್ದ ಬ್ರಿಟಿಷರ ಯುದ್ಧಕೈದಿ ಶಿಬಿರದಿಂದ ತಪ್ಪಿಸಿಕೊಂಡು, 4,985 ಮೀಟರ್ ಎತ್ತರದ ಲೆನಾನಾ ಶಿಖರ ಮುಟ್ಟಿದ್ದು ಫೆಬ್ರವರಿ 6ರಂದು. ಸುತ್ತಿಗೆಯಿಂದ ಮಾಡಿಕೊಂಡ ಹಿಮಗೊಡಲಿಯನ್ನು ಎಲ್ಲರೂ ಮೆಚ್ಚುತ್ತಾರೆ, ಆ ನಿಧಾನದ ಕಾಲ್ನಡಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಸ್ವಸ್ಥನಾಗಿದ್ದ ಒಬ್ಬನನ್ನು ಅವರು ಕೆಳಗಿನ ಬಿಡಾರದಲ್ಲೇ ಉಳಿಸಿದರು. ಇನ್ನೂ ಎತ್ತರದ ಬಾಟಿಯನ್ ಶಿಖರಕ್ಕೆ ಹೊರಟವರು ಸಾಧ್ಯವಿಲ್ಲವೆಂದು ಕಂಡಾಗ ಹಿಂದಿರುಗಿದರು. ಟೈಗರ್ ಹಿಲ್‌ನ ಕಡಿದಾದ ಬಂಡೆಯನ್ನು ರಾತ್ರಿ ಹಗ್ಗ ಹಿಡಿದು ಏರಿದ 18 ಗ್ರೆನೇಡಿಯರ್ಸ್ ಬೆಟಾಲಿಯನ್‌ನವರೂ ಅದಕ್ಕೆ ಮೊದಲು ತೋಲೋಲಿಂಗ್ ಬೆಟ್ಟದಲ್ಲಿ ಹೋರಾಡಿದ್ದವರು, ಆ ಗಾಳಿಗೆ ಒಗ್ಗಿದ್ದವರು.

ಆದ್ದರಿಂದ 9,000 ಅಡಿಯಿಂದ ಮೇಲೆ 6 ದಿನ, 12,000ದಿಂದ 4 ದಿನ, 15,000 ದಾಟಿದ ಮೇಲೆ ಮತ್ತೆ 4 ದಿನ ಎಂಬ ಸೇನೆಯ ಕ್ರಮವನ್ನು ಸೋಮಾರಿಗಳ ರಜೆಯೆಂದು ಭಾವಿಸಬೇಡಿ. ತಲೆ ನೋಯುತ್ತಿದ್ದರೆ ಮಾತ್ರೆ ನುಂಗುವ ಮೊದಲು ವರದಿ ಮಾಡಿ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ಬೆಳಗಾಗಲೆಂದು ಕಾಯದೆ ಕೆಳಗಿಳಿಸುವಂತೆ ಕೇಳಿ.